ಒಂದು ಚುಕ್ಕಿ ಹೆಚ್ಚು

ಬ್ರೈಲ್ ಮುದ್ರಣಾಲಯದ ಆ ಕೋಣೆಯಲ್ಲಿ ಕೂರುತ್ತಿದ್ದದ್ದು ಇಬ್ಬರೇ. ಒಬ್ಬರು ಕಣ್ಣಿದ್ದವರು, ಇನ್ನೊಬ್ಬಳು ಬೆರಳಿದ್ದವಳು. ಕಣ್ಣಿದ್ದವರು ಅಚ್ಚಾದ ಪುಸ್ತಕ ಹಿಡಿದು ಗಟ್ಟಿಯಾಗಿ ಓದಬೇಕು. ಬೆರಳಿದ್ದವಳು ಅದೇ ಪುಸ್ತಕದ ಬ್ರೈಲ್ ಕರಡಿನ ಮೇಲೆ ಕೈಯಾಡಿಸುತ್ತಾ, ಕಿವಿಗೆ ಬಿದ್ದದ್ದೂ ಬೆರಳಿಗೆ ಸಿಕ್ಕಿದ್ದೂ ಒಂದೇನಾ ಅಂತ ತಾಳೆ ನೋಡಬೇಕು. ಸಾಲು ಸರಿಯಿದ್ದರೆ "ಹೂಂ". ತಪ್ಪಿದ್ದರೆ "ಊಹೂಂ". ಇಷ್ಟೇ. ಕೇಳೋದಕ್ಕೆ ಏನು ಮಹಾ ಅನ್ನಿಸುತ್ತೆ. ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಕೂತು ನೋಡಿ, ಆಮೇಲೆ ಮಾತಾಡೋಣ.

ಓದುವವರನ್ನ ಅಲ್ಲಿ ಎಲ್ಲರೂ ಅಲ್ಪಣ್ಣ ಅನ್ನುತ್ತಿದ್ದರು. ಅವರು ಅಲ್ಪರೇನಲ್ಲ, ಆರಡಿ ಆಳು. ಕರಡು ತಿದ್ದುವಾಗ ಚಿಹ್ನೆಗಳನ್ನೂ ಬಾಯಿಬಿಟ್ಟು ಹೇಳಬೇಕಲ್ಲ, "ಕಾಗೆ ಬಂತು ಅಲ್ಪ ಕೂತಿತು ಅಲ್ಪ ಹಾರಿಹೋಯಿತು ಪೂರ್ಣ" ಅಂತ. ಅಲ್ಪವಿರಾಮಕ್ಕೆ ಅಲ್ಪ, ಪೂರ್ಣವಿರಾಮಕ್ಕೆ ಪೂರ್ಣ. ವರ್ಷಗಟ್ಟಲೆ ಹೀಗೆ ಓದಿ ಓದಿ ಅದು ನಾಲಿಗೆಗೆ ಅಂಟಿಕೊಂಡು, ಹೊರಗೆ ಮಾತಾಡುವಾಗಲೂ ಉದುರುತ್ತಿತ್ತು. "ಊಟ ಆಯ್ತಾ ಪ್ರಶ್ನೆ" ಅಂತ ಕೇಳಿ ತಾವೇ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ಒಂದು ಸಲ ಹೆಂಡತಿ ಜೊತೆ ಜೋರು ಜಗಳ ನಡೆದು, ಸಿಟ್ಟಿನ ಭರದಲ್ಲಿ "ಬಾಯಿ ಮುಚ್ಚು ಆಶ್ಚರ್ಯ" ಅಂದುಬಿಟ್ಟರಂತೆ. ಆಕೆಗೆ ನಗು ತಡೆಯಲಾಗದೆ ಜಗಳವೇ ಹಳ್ಳ ಹಿಡಿಯಿತು.

ಬೆರಳಿದ್ದವಳು ಚುಕ್ಕಕ್ಕ. ಐದನೇ ವರ್ಷದಲ್ಲಿ ಜ್ವರ ಬಂದು ಕಣ್ಣು ಹೋಯಿತು, ಈಗ ಐವತ್ತಮೂರು. ಇಪ್ಪತ್ತೆಂಟು ವರ್ಷದಿಂದ ಆ ಮುದ್ರಣಾಲಯದಲ್ಲಿ ಚುಕ್ಕಿ ಮುಟ್ಟುವ ಕೆಲಸ. ಅವಳು ಹೂಂ ಅಂದಳೋ, ಮುಗಿಯಿತು, ಯಂತ್ರಕ್ಕೆ ಹಾಕಬಹುದು. ಎರಡನೇ ಮಾತೇ ಇಲ್ಲ. ಮದುವೆ ಯಾಕೆ ಆಗಲಿಲ್ಲ ಅಂತ ಕೇಳಿದವರಿಗೆ "ಪುರುಸೊತ್ತಾಗಲಿಲ್ಲ" ಅನ್ನುತ್ತಿದ್ದಳು. ಒಬ್ಬಳು ತಂಗಿ ದೂರದೂರಲ್ಲಿ. ಮೇಲ್ಮಹಡಿಯ ಬಾಡಿಗೆ ಕೋಣೆಯಲ್ಲಿ ಇವಳೊಬ್ಬಳೇ, ಜೊತೆಗೆ ಒಂದು ಗೋಡೆಯ ಉದ್ದಕ್ಕೂ ಬ್ರೈಲ್ ಪುಸ್ತಕ. ಒಂದೊಂದೂ ದಿಂಬಿನಷ್ಟು ದಪ್ಪ.

ಈಗ ಎಲ್ಲ ಫೋನೇ ಓದಿ ಹೇಳುತ್ತೆ, ಇಷ್ಟು ಭಾರ ಯಾಕೆ ಹೊರ್ತೀಯ ಅಂತ ತಂಗಿ ಬೈಯುತ್ತಿದ್ದಳು. ಚುಕ್ಕಕ್ಕನಿಗೆ ಅದು ಒಗ್ಗಲಿಲ್ಲ. ಬೇರೆಯವರು ಓದಿದ್ದನ್ನ ಕೇಳೋದು, ಬೇರೆಯವರು ಅಗಿದ ತುತ್ತನ್ನ ಬಾಯಿಗಿಟ್ಟುಕೊಂಡ ಹಾಗೆ. ಬೆರಳಲ್ಲಿ ಓದುವಾಗ ನಡುವೆ ಯಾರೂ ಇರುವುದಿಲ್ಲ. ಸಂಜೆ ಕೆಲಸ ಮುಗಿಸಿ ಬಂದು ಕಾಲು ಚಾಚಿ ಪುಸ್ತಕ ತೊಡೆಯ ಮೇಲಿಟ್ಟುಕೊಂಡರೆ ಕೋಣೆ ತುಂಬಾ ಜನ. ಪುಸ್ತಕ ಮುಚ್ಚಿದರೆ ಮಾತ್ರ ಅವಳೊಬ್ಬಳು.

ಕಾಯಿಲೆಯನ್ನ ಮೊದಲು ಹಿಡಿದದ್ದೂ ಆ ಬೆರಳೇ. ಸ್ನಾನ ಮಾಡುವಾಗ ಕತ್ತಿನ ಎಡಗಡೆ ಬಟಾಣಿಯಷ್ಟು ಒಂದು ಗಂಟು. ಇರಬಾರದ ಕಡೆ ಒಂದು ಚುಕ್ಕಿ ಹೆಚ್ಚಾಗಿದೆಯಲ್ಲ ಅಂದುಕೊಂಡಳು. ನೋವಿರಲಿಲ್ಲ. ನೋವಿಲ್ಲದ್ದಕ್ಕೆ ಯಾರು ಆಸ್ಪತ್ರೆಗೆ ಹೋಗ್ತಾರೆ ಅಂತ ಸುಮ್ಮನಿದ್ದಳು. ಎರಡು ತಿಂಗಳಲ್ಲಿ ಅದು ನಿಂಬೆಹಣ್ಣಾಯಿತು, ಕಂಕುಳಲ್ಲಿ ಇನ್ನೊಂದು ಬಂತು, ಸಂಜೆ ಸಂಜೆ ಜ್ವರ, ಬೆವರು. ಗಂಟಿನ ಚೂರು ತೆಗೆದು ಪರೀಕ್ಷೆ ಮಾಡಿ ಡಾಕ್ಟರಮ್ಮ ಹೇಳಿದರು: ಲಿಂಫೋಮಾ. ದುಗ್ಧಗ್ರಂಥಿಯ ಕ್ಯಾನ್ಸರ್.

"ವಾಸಿ ಆಗೋ ಜಾತಿದು," ಅಂದರು ಡಾಕ್ಟರಮ್ಮ. "ಆದ್ರೆ ಒಂದೇ ಔಷಧಿಗೆ ಬಗ್ಗಲ್ಲ. ಐದು ಸೇರಿಸಿ ಕೊಡ್ತೀವಿ. ಈ ಕಳ್ಳನ ಮನೆಗೆ ಐದು ಬಾಗಿಲು ಅಂತ ಇಟ್ಕೊಳ್ಳಿ. ಒಂದು ಬಾಗಿಲಲ್ಲಿ ಕಾದು ಕೂತ್ರೆ ಇನ್ನೊಂದರಲ್ಲಿ ಓಡ್ತಾನೆ. ಐದಕ್ಕೂ ಒಬ್ಬೊಬ್ಬರನ್ನ ನಿಲ್ಲಿಸಬೇಕು, ಒಟ್ಟಿಗೇ ನಿಲ್ಲಿಸಬೇಕು. ಮೂರು ವಾರಕ್ಕೊಂದು ಸಲ, ಒಟ್ಟು ಆರು ಸಲ."

ಆಮೇಲೆ ಯಾವ ಔಷಧಿ ಏನೇನು ತೊಂದರೆ ಕೊಡುತ್ತೆ ಅಂತ ಒಂದೊಂದಾಗಿ ಹೇಳಿದರು. ಕೂದಲು ಉದುರುತ್ತೆ, ಬಾಯಿ ಹುಣ್ಣಾಗುತ್ತೆ, ವಾಂತಿ ಬರಬಹುದು. "ಐದರಲ್ಲಿ ಒಂದು ನರಕ್ಕೆ ಕೈ ಹಾಕುತ್ತೆ. ಬೆರಳ ತುದಿ ಜುಮ್ಮನ್ನುತ್ತೆ, ಮರಗಟ್ಟುತ್ತೆ. ಬೇರೆಯವರಿಗಾದ್ರೆ ಗುಂಡಿ ಹಾಕೋದು ಕಷ್ಟ ಆಗುತ್ತೆ ಅಷ್ಟೇ. ನಿಮ್ಮ ವಿಷಯ ಬೇರೆ. ಸ್ವಲ್ಪ ಅನ್ನಿಸಿದ ತಕ್ಷಣ ಹೇಳಬೇಕು, ಮುಚ್ಚಿಡಬಾರದು. ಅದರ ಅಳತೆ ಇಳಿಸ್ತೀವಿ, ಬೇಕಾದ್ರೆ ನಿಲ್ಲಿಸ್ತೀವಿ."

ಚುಕ್ಕಕ್ಕ ಹೂಂ ಅಂದಳು. ಐದು ಬಾಗಿಲು ಮಾತ್ರ ಅವಳ ತಲೆಯಲ್ಲಿ ಕೂತುಬಿಟ್ಟವು.

ಕೀಮೋ ಕೊಡುವ ಹಾಲಿನಲ್ಲಿ ಸಾಲಾಗಿ ಒರಗು ಕುರ್ಚಿಗಳಿದ್ದವು. ಅವಳದು ಕಿಟಕಿ ಪಕ್ಕದ್ದು. ಕೆನ್ನೆಗೆ ಬಿಸಿಲು ತಾಗಿದ್ದರಿಂದ ಗೊತ್ತಾಯಿತು. ಐದು ಔಷಧಿಯನ್ನೂ ಅವಳು ಬಹಳ ಬೇಗ ಗುರುತು ಹಿಡಿಯಲು ಕಲಿತಳು. ಮೊದಲನೆಯದು ಗಂಟೆಗಟ್ಟಲೆ ತೊಟ್ಟಿಕ್ಕುವಂಥದ್ದು, ಮೊದಲ ಸಲ ಹಲ್ಲು ಕಟಕಟ ಅನ್ನುವ ಹಾಗೆ ನಡುಗಿಸಿತು. ಎರಡನೆಯದನ್ನ ಸಿಸ್ಟರ್ ಪಕ್ಕದಲ್ಲೇ ಕೂತು ಸಿರಿಂಜಿನಲ್ಲಿ ನಿಧಾನವಾಗಿ ತಳ್ಳುತ್ತಿದ್ದರು. "ಇದು ಕೆಂಪು ಔಷಧಿ. ನಾಳೆವರೆಗೂ ಮೂತ್ರ ಕೆಂಪಗೆ ಹೋಗುತ್ತೆ, ನೋಡಿ ಹೆದರ್ಕೋಬೇಡಿ" ಅಂದರು ಅಭ್ಯಾಸಬಲದಲ್ಲಿ.

"ಆ ಹೆದರಿಕೆ ನನಗೆ ಬಿಡಿ ಸಿಸ್ಟರ್," ಅಂದಳು ಚುಕ್ಕಕ್ಕ. "ಕೆಂಪು ಹೇಗಿತ್ತು ಅನ್ನೋದೇ ಮರೆತುಹೋಗಿದೆ."

ಸಿಸ್ಟರ್ ಅಯ್ಯೋ ಅಂದು, ಆಮೇಲೆ ಜೋರಾಗಿ ನಕ್ಕರು. ಅಂದಿನಿಂದ ಇಬ್ಬರಿಗೂ ಚೆನ್ನಾಗಿ ಹೊಂದಿತು. ಮೂರನೆಯದು ಸಣ್ಣ ಚೀಲ, ಹತ್ತು ನಿಮಿಷದಲ್ಲಿ ಸದ್ದಿಲ್ಲದೆ ಮುಗಿದುಹೋಗುತ್ತಿತ್ತು. ನಾಲ್ಕನೆಯದು ಇಳಿಯುವಾಗ ಮೂಗಿನ ಬುಡ ಚುರುಚುರು. ಐದನೆಯದು ಮಾತ್ರೆ, ಐದು ದಿನ ಮನೆಯಲ್ಲಿ ನುಂಗುವುದು. ಅದು ಹೊಟ್ಟೆಗೆ ಹೋದರೆ ರಾಕ್ಷಸನ ಹಸಿವು. ಇವುಗಳಲ್ಲಿ ನರಕ್ಕೆ ಕೈ ಹಾಕುವುದು ಯಾವುದು ಅಂತ ಕೇಳಿದಾಗ ಸಿಸ್ಟರ್ ಹೇಳಿದರು, ಆ ಸಣ್ಣ ಚೀಲವೇ. ಸದ್ದು ಮಾಡದವರನ್ನೇ ನಂಬಬಾರದು ಅಂದುಕೊಂಡಳು ಚುಕ್ಕಕ್ಕ.

ತಂಗಿ ಮೊದಲ ಸಲಕ್ಕೆ ಬಂದು ಒಂದು ವಾರ ಇದ್ದಳು. "ನನ್ನ ಜೊತೆ ಬಂದುಬಿಡಕ್ಕಾ" ಅಂತ ದುಂಬಾಲು ಬಿದ್ದಳು. ಚುಕ್ಕಕ್ಕ ಒಪ್ಪಲಿಲ್ಲ. ಅಲ್ಲಿ ಹೋದರೆ ಅವಳು ಅಕ್ಕ ಆಗಿರುತ್ತಿದ್ದಳು, ದೊಡ್ಡಮ್ಮ ಆಗಿರುತ್ತಿದ್ದಳು, ಮೂಲೆಯ ಮಂಚದ ಮೇಲೆ ಕೂತ ಪಾಪದವಳಾಗಿರುತ್ತಿದ್ದಳು. ಇಲ್ಲಿ ಅವಳು ಚುಕ್ಕಕ್ಕ. ಪ್ರತಿ ಸುತ್ತು ಮುಗಿದು ಒಂದು ವಾರ ಮನೆಯಲ್ಲಿ ಬಿದ್ದುಕೊಂಡು, ಆಮೇಲೆ ಎರಡು ವಾರ ತಲೆಗೆ ಬಟ್ಟೆ ಸುತ್ತಿಕೊಂಡು ಕೆಲಸಕ್ಕೆ ಬರುತ್ತಿದ್ದಳು. ಮ್ಯಾನೇಜರ್ ಒಳ್ಳೆಯ ಮನುಷ್ಯ. "ಆರಾಮಾಗಿ ರಜೆ ಹಾಕಿ, ನಾವು ಹೇಗೋ ನಿಭಾಯಿಸ್ತೀವಿ" ಅಂದರು. ಆ "ಹೇಗೋ ನಿಭಾಯಿಸ್ತೀವಿ" ಅನ್ನೋದು ಅವಳಿಗೆ ಕೀಮೋಗಿಂತ ಹೆಚ್ಚು ಸುಡುತ್ತಿತ್ತು.

ಎರಡನೇ ಸುತ್ತಾದ ಮೇಲೆ ಬೆರಳ ತುದಿ ಜುಮ್ಮೆನ್ನತೊಡಗಿತು. ಮೂರನೆಯದಾದ ಮೇಲೆ ಜುಮ್ಮೆನ್ನುವುದು ನಿಂತಿತು. ವಾಸಿಯಾಯಿತು ಅಂದುಕೊಂಡಳು, ಪಾಪ. ಒಂದು ಬೆಳಗ್ಗೆ ರವಿಕೆಯ ಗುಂಡಿ ಹಾಕಿಕೊಳ್ಳುತ್ತಾ ಇದ್ದವಳಿಗೆ ಗುಂಡಿ ಎಲ್ಲಿದೆ ಅಂತ ತಿಳಿಯಲಿಲ್ಲ. ಬಿದ್ದುಹೋಗಿದೆಯೇನೋ ಅಂತ ಹುಡುಕಿದಳು. ಗುಂಡಿ ಬೆರಳುಗಳ ನಡುವೆಯೇ ಇತ್ತು.

ಗೋಡೆಯ ಕಡೆ ಓಡಿಹೋಗಿ ಒಂದು ಪುಸ್ತಕ ಎಳೆದು, ನಡುವಿನ ಪುಟ ತೆರೆದು ಕೈಯಿಟ್ಟಳು. ಕೈಗೆ ದಪ್ಪ ಕೈಗವಸು ಹಾಕಿಕೊಂಡು ಮುಟ್ಟಿದ ಹಾಗಿತ್ತು. ಸಾಲಿದೆ ಅಂತ ಗೊತ್ತಾಗುತ್ತಿತ್ತು, ಸಾಲಿನಲ್ಲಿ ಏನಿದೆ ಅಂತ ಅಲ್ಲ. ಒತ್ತಿದಳು, ಉಜ್ಜಿದಳು, ಕೈ ಬಿಸಿನೀರಿನಲ್ಲಿ ಅದ್ದಿಕೊಂಡು ಬಂದು ಮತ್ತೆ ಮುಟ್ಟಿದಳು. ಬ್ರೈಲಿನಲ್ಲಿ ಒಂದು ಚುಕ್ಕಿ ಅಂದರೆ ಆಟವಲ್ಲ. ಮ ಅಕ್ಷರಕ್ಕೆ ಮೂರು ಚುಕ್ಕಿ. ಅದಕ್ಕೇ ಇನ್ನೊಂದು ಸೇರಿದರೆ ನ. ಆ ಬೆಳಗ್ಗೆ ಚುಕ್ಕಕ್ಕನಿಗೆ ಮ ಯಾವುದು ನ ಯಾವುದು ತಿಳಿಯಲಿಲ್ಲ. ನೆಲದ ಮೇಲೆ ಕೂತು ಗಳಗಳ ಅತ್ತಳು.

ಅತ್ತು ಮುಗಿದ ಮೇಲೆ ಡಾಕ್ಟರಿಗೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ.

ಯಾಕೆ ಅಂತೀರಾ? ಅದೇ ವಾರ ಸ್ಕ್ಯಾನ್ ಆಗಿತ್ತು. ಗಂಟುಗಳು ಕರಗಿ ಮುಕ್ಕಾಲು ಪಾಲು ಮಾಯ. "ಐದೂ ಸೇರಿ ಭರ್ಜರಿ ಕೆಲಸ ಮಾಡಿವೆ, ಹೀಗೇ ಬಿಡದೆ ಮುಂದುವರಿಸೋಣ" ಅಂದಿದ್ದರು ಡಾಕ್ಟರಮ್ಮ. ಈಗ ಬೆರಳಿನ ವಿಷಯ ಬಾಯಿಬಿಟ್ಟರೆ ಒಂದು ಔಷಧಿ ನಿಲ್ಲಿಸುತ್ತಾರೆ. ಒಂದು ಬಾಗಿಲು ಖಾಲಿಯಾಗುತ್ತೆ. ಕಳ್ಳ ಅಲ್ಲೇ ಓಡಿಬಿಟ್ಟರೆ? ಅವಳಿಗೆ ಸಾಯುವ ಭಯ ಇತ್ತು. ಇಲ್ಲ ಅಂತ ಸುಳ್ಳು ಯಾಕೆ ಹೇಳೋದು, ಬಹಳ ಇತ್ತು. ಬೆರಳು ಹೋದರೆ ಬದುಕಿ ಏನು ಮಾಡಲಿ ಅನ್ನುವ ಭಯವೂ ಅಷ್ಟೇ ಇತ್ತು. ಕೊನೆಗೆ ತನ್ನಷ್ಟಕ್ಕೆ ತಾನೇ ಒಂದು ತೀರ್ಮಾನ ಮಾಡಿಕೊಂಡಳು: ಆರು ಸುತ್ತು ಹಲ್ಲು ಕಚ್ಚಿ ಮುಗಿಸಿಬಿಡೋದು, ಔಷಧಿ ನಿಂತ ಮೇಲೆ ಬೆರಳು ತಾನಾಗಿ ಬರುತ್ತೆ. ನಾಲ್ಕನೇ ಸುತ್ತಿಗೆ ಹೋದಾಗ ಸಿಸ್ಟರ್ "ಕೈ ಹೇಗಿದೆ ಅಕ್ಕಾ, ಜುಮ್ಮನ್ನುತ್ತಾ?" ಅಂತ ಕೇಳಿದರು. "ಈಗ ಜುಮ್ಮನ್ನಲ್ಲ" ಅಂದಳು. ಮಾತು ಸುಳ್ಳಲ್ಲ ನೋಡಿ. ಆದರೆ ಅದಕ್ಕಿಂತ ದೊಡ್ಡ ಸುಳ್ಳನ್ನ ಅವಳು ಜನ್ಮದಲ್ಲಿ ಹೇಳಿರಲಿಲ್ಲ.

ಇನ್ನು ಕೆಲಸದಲ್ಲಿ? ಕೆಲಸದಲ್ಲಿ ಅಲ್ಪಣ್ಣನ ದನಿ ಇತ್ತು. ಅವರು ಓದುತ್ತಿದ್ದರು, ಅವಳು ಕರಡಿನ ಮೇಲೆ ಕೈ ಜಾರಿಸುತ್ತಿದ್ದಳು, ಸಾಲಿನ ಕೊನೆಗೆ ಹೂಂ ಅನ್ನುತ್ತಿದ್ದಳು. ಅನುಮಾನ ಬರಬಾರದು ಅಂತ ನಡುನಡುವೆ "ತಡೀರಿ, ಇನ್ನೊಂದು ಸಲ" ಅನ್ನುತ್ತಿದ್ದಳು. ಇಪ್ಪತ್ತೆಂಟು ವರ್ಷದ ಹೆಸರನ್ನ ಆ ವಾರಗಳಲ್ಲೆಲ್ಲ ಬಂಡವಾಳದಂತೆ ಕರಗಿಸಿ ತಿಂದಳು. ಮನೆಗೆ ಬಂದರೆ ಗೋಡೆ ತುಂಬ ಪುಸ್ತಕವಿದ್ದೂ ಯಾರೂ ಮಾತಾಡಿಸುತ್ತಿರಲಿಲ್ಲ. ಕೆಳಗಿನ ಮನೆಯವರ ಪಾತ್ರೆ ಸದ್ದು, ಬೀದಿಯಲ್ಲಿ ಗಾಡಿಗಳ ಸದ್ದು, ನಲ್ಲಿಯ ಸದ್ದು. ಆರು ಗಂಟೆಗೇ ಮಲಗಿಬಿಡುತ್ತಿದ್ದಳು. ನಿದ್ದೆ ಬರಲಿ ಬಿಡಲಿ, ಎದ್ದು ಕೂತು ಮಾಡುವುದಾದರೂ ಏನು?

ಐದನೇ ಸುತ್ತಿಗೆ ಮೂರು ದಿನ ಮುಂಚೆ, ಹಾಗೇ ಇಬ್ಬರೂ ಕೋಣೆಯಲ್ಲಿ ಕೂತಿದ್ದರು. ಇತಿಹಾಸದ ಪಾಠಪುಸ್ತಕ. ಫ್ಯಾನು ಕಿರಕಿರ ಅನ್ನುತ್ತಿತ್ತು.

"ಕೋಟೆಯ ಗೋಡೆ ಎತ್ತರವಾಗಿತ್ತು ಪೂರ್ಣ."

"ಹೂಂ."

"ಅದರ ಸುತ್ತ ಆಳವಾದ ಕಂದಕವಿತ್ತು ಅಲ್ಪ ಅದರಲ್ಲಿ ಮೊಸಳೆಗಳಿದ್ದವು ಪೂರ್ಣ."

"ಹೂಂ."

"ಚುಕ್ಕಕ್ಕ ಅಲ್ಪ ನಿಮ್ಮ ಬೆರಳಿಗೆ ಏನೂ ತಿಳೀತಾ ಇಲ್ಲ ಅಲ್ವಾ ಪ್ರಶ್ನೆ."

"ಹೂಂ," ಅಂದುಬಿಟ್ಟಳು.

ಅಲ್ಪಣ್ಣನ ದನಿ ಒಂದಿಷ್ಟೂ ಬದಲಾಗಿರಲಿಲ್ಲ, ಅದೇ ಓದುವ ರಾಗ. ಹೂಂ ಅಂದ ಮೇಲೇ ಅವಳಿಗೆ ಅರ್ಥವಾಯಿತು. ಕೈ ಕರಡಿನ ಮೇಲೆಯೇ ನಿಂತಿತು. ಫ್ಯಾನು ತನ್ನ ಪಾಡಿಗೆ ತಿರುಗುತ್ತಿತ್ತು.

"ಎಷ್ಟು ದಿನದಿಂದ?" ಕೇಳಿದರು ಅಲ್ಪಣ್ಣ. ಈ ಸಲ ಪ್ರಶ್ನೆ ಅಂತ ಹೇಳಲಿಲ್ಲ.

"ನಿಮಗೆ ಯಾಕೆ? ನನ್ನನ್ನ ಪರೀಕ್ಷೆ ಮಾಡೋಕೆ ನೀವ್ಯಾರು?" ಚುಕ್ಕಕ್ಕನಿಗೆ ಕೆಂಡದಂಥ ಸಿಟ್ಟು ಬಂತು. "ಇಷ್ಟು ವರ್ಷ ಎದುರು ಕೂತು, ಈಗ ಬಲೆ ಒಡ್ತೀರಾ?"

"ಬೈಯಿರಿ, ಬೈಸ್ಕೋತೀನಿ. ಮೊದಲು ಇದನ್ನ ಕೇಳಿ." ಕಾಗದ ಬಿಚ್ಚಿದ ಸದ್ದಾಯಿತು. "ನಾಲ್ಕು ದಿನ ಆಯ್ತು ಬಂದು. ಕುರುಡು ಮಕ್ಕಳ ಶಾಲೆಯ ಟೀಚರ್ ಬರೆದಿದ್ದಾರೆ."

ಹಿಂದಿನ ತಿಂಗಳು ಹೋದ ಎರಡನೇ ತರಗತಿಯ ಕಥೆ ಪುಸ್ತಕ. ಅದರಲ್ಲೊಂದು ಮಗುವಿನ ಕಥೆ. ಹೊಸದಾಗಿ ಬಂದ ಟೈಪಿಸ್ಟ್ ಒಂದು ಪುಟದಲ್ಲಿ ಮಗು ಅಂತ ಬಂದ ಕಡೆ ಮ ಜೊತೆಗೆ ಪಕ್ಕದ ಕೀಲಿಯನ್ನೂ ಸೇರಿಸಿ ಒತ್ತಿದ್ದ. ಮಗು ಹೋಗಿ ನಗು ಆಗಿತ್ತು. ಒಂದು ಕಡೆ ಅಲ್ಲ, ನಾಲ್ಕು ಕಡೆ. ಆ ಪುಟಕ್ಕೆ ನಾಲ್ಕು ಸಲವೂ ಹೂಂ ಅಂದವಳು ಚುಕ್ಕಕ್ಕ.

ಅಲ್ಪಣ್ಣ ಓದಿದರು, ಚಿಹ್ನೆ ಬಿಟ್ಟು, ಬರೀ ಮಾತು: "ತೊಟ್ಟಿಲಲ್ಲಿ ನಗು ಮಲಗಿತ್ತು. ಅಮ್ಮ ನಗುವಿಗೆ ಹಾಲು ಕುಡಿಸಿದಳು. ಸ್ವಲ್ಪ ಹೊತ್ತಾದ ಮೇಲೆ ನಗು ಅಳತೊಡಗಿತು. ಇದನ್ನ ಓದಿ ನಮ್ಮ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕವು. ತಪ್ಪು ಅಂತ ನಾನು ತಿಳಿಸಿ ಹೇಳಿದೆ. ಒಬ್ಬಳು ಮಾತ್ರ ಒಪ್ಪುತ್ತಾ ಇಲ್ಲ. ಪುಸ್ತಕದಲ್ಲಿ ಹಾಗೇ ಇದೆ ಟೀಚರ್, ನಾನೇ ಮುಟ್ಟಿ ನೋಡಿದೀನಿ ಅನ್ನುತ್ತಾಳೆ. ನಗು ಯಾಕೆ ಅಳ್ತು ಅಂತ ಮೂರು ದಿನದಿಂದ ಕೇಳುತ್ತಿದ್ದಾಳೆ. ಅವಳಿಗೆ ಏನು ಹೇಳಲಿ ನೀವೇ ತಿಳಿಸಿ."

ಚುಕ್ಕಕ್ಕನಿಗೆ ನಗು ಬರಲಿಲ್ಲ. ಆ ಮಗು ತನ್ನ ಬೆರಳನ್ನ ನಂಬಿದೆ. ಪುಸ್ತಕ ಸುಳ್ಳು ಹೇಳಲ್ಲ ಅಂತ ನಂಬಿದೆ. ಐದನೇ ವಯಸ್ಸಿನಿಂದ ತಾನು ನಂಬಿಕೊಂಡು ಬಂದ ಹಾಗೇ. ಕಣ್ಣಿಗೆ ಮಣ್ಣೆರಚೋದು ಅಂತಾರೆ. ಕಣ್ಣೇ ಇಲ್ಲದ ಮಕ್ಕಳಿಗೆ ಎರಚಿದೆನಲ್ಲ ಅಂತ ನಾಚಿಕೆಯಿಂದ ಮೈ ಬಿಸಿಯಾಯಿತು.

"ಮ್ಯಾನೇಜರಿಗೆ ಗೊತ್ತಾ?"

"ನಾನೇ ತಪ್ಪು ಓದಿದೆ ಅಂತ ಹೇಳಿದೀನಿ."

"ಯಾರು ಹೇಳಿ ಅಂದ್ರು ನಿಮಗೆ?"

"ಯಾರೂ ಅನ್ನಲಿಲ್ಲ," ಅಂದರು ಅಲ್ಪಣ್ಣ. ಕಾಗದ ಮಡಚಿ, "ಪುಸ್ತಕ ಮತ್ತೆ ಅಚ್ಚು ಹಾಕಬಹುದು ಚುಕ್ಕಕ್ಕ. ಡಾಕ್ಟರಿಗೆ ಹೇಳಿದೀರಾ ಇಲ್ವಾ, ಅದನ್ನ ಹೇಳಿ" ಅಂದರು.

ಅವಳು ಐದು ಬಾಗಿಲಿನ ಕಥೆ ಹೇಳಿದಳು. ಅಲ್ಪಣ್ಣನಿಗೆ ಸಮಾಧಾನ ಮಾಡಲು ಬರುತ್ತಿರಲಿಲ್ಲ. ಬೇರೆಯವರು ಬರೆದದ್ದನ್ನ ಓದಿ ಬದುಕಿದ ಮನುಷ್ಯ, ಸ್ವಂತ ಮಾತಿಗೆ ತಡಕಾಡಿದರು. "ನೀವು ಡಾಕ್ಟರಾ?" ಅಂತ ಮಾತ್ರ ಕೇಳಿದರು. ಅವಳು ಅಲ್ಲ ಅಂದಳು. "ಮತ್ತೆ?" ಅಂದರು.

ಮೂರು ದಿನ ಬಿಟ್ಟು ಡಾಕ್ಟರಮ್ಮನ ಮುಂದೆ ಕೂತು ಎಲ್ಲ ಹೇಳಿದಳು. ಡಾಕ್ಟರಮ್ಮ ಬೈಯಲಿಲ್ಲ, ಅದೇ ಅವಳಿಗೆ ಹೆದರಿಕೆ ತಂದಿತು. ಹತ್ತಿಯಿಂದ ಸವರಿದರು, ಸೂಜಿ ಮೊನೆ ಮುಟ್ಟಿಸಿದರು. "ಇದು ಹತ್ತಿನಾ ಸೂಜಿನಾ?" ಅವಳು ಹತ್ತಿ ಅಂದಾಗ ಸೂಜಿಯಿತ್ತು. ಕಾಲಿನ ಬೆರಳಿಗೂ ಅದೇ ಪರೀಕ್ಷೆ, ಅದೇ ಉತ್ತರ.

"ಸಣ್ಣ ಚೀಲ ಇವತ್ತಿಂದ ಬಂದ್," ಅಂದರು ಡಾಕ್ಟರಮ್ಮ. "ಉಳಿದ ನಾಲ್ಕು ಕೊಡ್ತೀವಿ. ಸ್ಕ್ಯಾನ್ ಇಷ್ಟು ಚೆನ್ನಾಗಿ ಬಂದಿರೋವಾಗ ಎರಡು ಸುತ್ತು ಅದೊಂದಿಲ್ಲದಿದ್ರೆ ಮುಳುಗಿಹೋಗಲ್ಲ. ನಾನು ಆವತ್ತೇ ಹೇಳಿದ್ದೆ, ನಿಲ್ಲಿಸಬಹುದು ಅಂತ. ನೀವು ಬಾಗಿಲನ್ನ ಮಾತ್ರ ಕೇಳಿಸಿಕೊಂಡಿರಿ."

"ಬೆರಳು?"

"ಔಷಧಿ ನಿಂತ ಮೇಲೂ ಕೆಲವು ವಾರ ಇನ್ನೂ ಸ್ವಲ್ಪ ಹೆಚ್ಚಾಗಬಹುದು. ಆಮೇಲೆ ನಿಧಾನವಾಗಿ ಬರುತ್ತೆ. ತಿಂಗಳುಗಳು ಹಿಡಿಯುತ್ತೆ, ವರ್ಷವೂ ಹಿಡಿಯಬಹುದು. ಗುಂಡಿ ಹಾಕೋಷ್ಟು ಖಂಡಿತ ಬರುತ್ತೆ ಅನ್ನಿಸುತ್ತೆ. ಓದೋಷ್ಟು ಬರುತ್ತೆ ಅಂತ ನಾನು ಮಾತು ಕೊಡಲ್ಲ."

"ಮೂರನೇ ಸುತ್ತಿಗೇ ಹೇಳಿದ್ರೆ?"

ಡಾಕ್ಟರಮ್ಮ ಏನೋ ಬರೆಯುತ್ತಿದ್ದರು, ಪೆನ್ನು ನಿಂತಿತು. "ಇಷ್ಟು ಆಗ್ತಿರಲಿಲ್ಲ," ಅಂದರು. ಸಿಸ್ಟರ್ ಆವತ್ತು ಸೂಜಿ ಚುಚ್ಚಿ, ಅವಳ ಭುಜ ಹಿಡಿದು ಒಂದು ಸಲ ಅದುಮಿ ಹೋದರು.

ಮುದ್ರಣಾಲಯಕ್ಕೆ ಹೋಗಿ ಮ್ಯಾನೇಜರ ಮುಂದೆ ನಿಂತು ತಪ್ಪು ತನ್ನದು ಅಂತ ಹೇಳಿದಳು. ತಾನು ಬೆರಳಿಗೆ ತಿಳಿಯದೆಯೇ ಹೂಂ ಅಂದ ಮೂರು ಪುಸ್ತಕವನ್ನೂ ಮತ್ತೆ ತಿದ್ದಬೇಕು ಅಂತಲೂ ಹೇಳಿದಳು. ಅವರು ಮೇಜಿನ ಮೇಲೆ ಬೆರಳಾಡಿಸಿ, ಕೆಮ್ಮಿ, "ನೀವು ಎಲ್ಲೂ ಹೋಗಬೇಡಿ, ಫೋನ್ ಮೇಜು ನೋಡ್ಕೊಳ್ಳಿ" ಅಂದರು. ಶಾಲೆಗಳಿಂದ ಫೋನ್ ಬರುತ್ತೆ, ಯಾವ ಪುಸ್ತಕ ಎಷ್ಟು ಬೇಕು ಅಂತ ಕೇಳಿ ಒಳಗೆ ಹೇಳಬೇಕು. ಟೀಚರಿಗೆ ಉತ್ತರವನ್ನೂ ಅವಳೇ ಫೋನಿನಲ್ಲಿ ಹೇಳಿದಳು. ಆ ಹುಡುಗಿಯನ್ನ ಕರೆಸಿಕೊಂಡು, "ನಿನ್ನ ಬೆರಳು ಸರಿಯಾಗೇ ಇದೆ ಪುಟ್ಟಾ, ಸರಿಯಾಗೇ ಓದಿದೀಯ. ತಪ್ಪಿದ್ದು ನನ್ನದು" ಅಂದಳು. ಹುಡುಗಿ "ಸರಿ ಅಜ್ಜಿ" ಅಂದು ಓಡಿಹೋದಳು. ಅಜ್ಜಿ ಅನ್ನಿಸಿಕೊಂಡದ್ದು ಅದೇ ಮೊದಲು.

ಆರನೇ ಸುತ್ತೂ ಮುಗಿಯಿತು. ಸ್ಕ್ಯಾನ್‌ನಲ್ಲಿ ಏನೂ ಇಲ್ಲ, ಎಲ್ಲ ಶುಭ್ರ. ತಂಗಿ ಫೋನಿನಲ್ಲಿ ಹೋ ಅಂತ ಅತ್ತಳು. ಮುದ್ರಣಾಲಯದಲ್ಲಿ ಎಲ್ಲರಿಗೂ ಸಿಹಿ ಹಂಚಿದರು. ಗೆದ್ದುಬಿಟ್ಟಿರಿ, ಗೆದ್ದುಬಿಟ್ಟಿರಿ ಅಂತ ಬಂದವರೆಲ್ಲ ಕೈ ಕುಲುಕಿದರು. ಯಾರು ಎಷ್ಟು ಗಟ್ಟಿಯಾಗಿ ಕುಲುಕಿದರು ಅಂತ ಅವಳಿಗೆ ತಿಳಿಯಲಿಲ್ಲ. ಸಂತೋಷ ಆಗಲಿಲ್ಲ ಅಂದರೆ ಸುಳ್ಳು. ಬದುಕಿದೆ ಅಂತ ಒಳಗೊಳಗೇ ಹಿಗ್ಗಿದಳು. ಆದರೆ ಅಂದು ಮಧ್ಯಾಹ್ನ ಫೋನ್ ಮೇಜಿನ ಹಿಂದಿನ ಗೋಡೆಯಾಚೆ ಅಲ್ಪಣ್ಣ ಓದುವುದು ಕೇಳಿಸಿತು, ಸಾಲಿನ ಕೊನೆಗೆ ಇನ್ಯಾರದೋ ಎಳೆ ದನಿ ಹೂಂ ಅಂದದ್ದೂ ಕೇಳಿಸಿತು. ಅದು ಸರ್ಕಾರಿ ಶಾಲೆಯಿಂದ ಬಂದ ಹೊಸ ಹೆಂಗಸು, ಒಳ್ಳೆಯ ಬೆರಳು ಅಂತ ಎಲ್ಲರೂ ಹೇಳುತ್ತಿದ್ದರು. ಚುಕ್ಕಕ್ಕ ಫೋನಿನ ರಿಸೀವರ್ ಎತ್ತಿ ಕಿವಿಗಿಟ್ಟುಕೊಂಡಳು. ಯಾರೂ ಮಾಡಿರಲಿಲ್ಲ, ಗುಯ್ ಅನ್ನುವ ಸದ್ದು ಕೇಳುತ್ತಾ ಕೂತಳು.

ಅಲ್ಪಣ್ಣ ದಿನಾ ಊಟದ ಹೊತ್ತಿಗೆ ಬಂದು ಪಕ್ಕದಲ್ಲಿ ಕೂರುತ್ತಿದ್ದರು. "ಮನೆಗೆ ಬಂದು ಓದಿ ಹೇಳ್ತೀನಿ, ಯಾವ ಪುಸ್ತಕ ಬೇಕು ಹೇಳಿ" ಅನ್ನುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ ಅನ್ನುತ್ತಿದ್ದರು. "ಬೇಡ ಅಲ್ಪಣ್ಣ, ನೀವು ಚಿಹ್ನೆ ಎಲ್ಲ ಓದ್ತೀರಿ" ಅಂತ ತಮಾಷೆ ಮಾಡಿ ತಪ್ಪಿಸಿಕೊಳ್ಳುತ್ತಿದ್ದಳು. ಎಂಟು ತಿಂಗಳು ಕಳೆಯಿತು. ಗುಂಡಿ ಹಾಕೋಷ್ಟು ಬಂತು. ಓದೋಷ್ಟು ಬರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ತಲೆ ಬಾಚಿಕೊಳ್ಳಲು ಕೂತಿದ್ದಳು. ಕೂದಲು ಎಷ್ಟು ಬಂದಿದೆ ಅಂತ ಬೆರಳಿಗೆ ಸರಿಯಾಗಿ ತಿಳಿಯದೆ, ಮಣಿಕಟ್ಟಿನ ಒಳಭಾಗದಿಂದ ನೆತ್ತಿ ಸವರಿಕೊಂಡಳು. ತಿಳಿಯಿತು. ಮೆತ್ತಗೆ, ಗುಂಗುರು ಗುಂಗುರಾಗಿ, ಮೊದಲಿದ್ದ ಕೂದಲೇ ಅಲ್ಲ. ಮಣಿಕಟ್ಟಿಗೆ ತಿಳಿಯುತ್ತಲ್ಲ ಅಂತ ಹೊಳೆಯಿತು. ಎದ್ದು ಪುಸ್ತಕ ತಂದು ಮಣಿಕಟ್ಟು ಒತ್ತಿ ನೋಡಿದಳು. ಬರೀ ಒರಟು, ಅಕ್ಷರವಿಲ್ಲ. ಕೆನ್ನೆಯಿಟ್ಟಳು. ಚುಕ್ಕಿಗಳಿವೆ ಅಂತ ಗೊತ್ತಾಯಿತು, ಎಷ್ಟು ಅಂತ ಗೊತ್ತಾಗಲಿಲ್ಲ. ಎದ್ದುಹೋಗಿ ಬಾಗಿಲಿಗೆ ಚಿಲಕ ಹಾಕಿದಳು. ಯಾರು ಬರುತ್ತಿದ್ದರು, ಯಾರೂ ಬರುವವರಿರಲಿಲ್ಲ, ಆದರೂ ಹಾಕಿದಳು. ವಾಪಸು ಬಂದು, ಪುಸ್ತಕವನ್ನ ಎರಡೂ ಕೈಯಲ್ಲಿ ಎತ್ತಿ, ಕೆಳತುಟಿಯನ್ನ ಮೊದಲನೇ ಸಾಲಿನ ತುದಿಗಿಟ್ಟಳು.

ಚುಕ್ಕಿಗಳು ಒಂದೊಂದೂ ಬಿಡಿಬಿಡಿಯಾಗಿ, ಸಾಸಿವೆ ಕಾಳಿನ ಹಾಗೆ ಸಿಕ್ಕವು. ಮೂರು ಚುಕ್ಕಿ. ಮ. ನಿಧಾನವಾಗಿ ಮುಖ ಸರಿಸಿದಳು. ರ. ಮತ್ತೆ ಸರಿಸಿದಳು. "ಮರದ ಕೆಳಗೆ ಯಾರೂ ಇರಲಿಲ್ಲ." ಒಂದು ಸಾಲಿಗೆ ಮೂರು ನಿಮಿಷ ಹಿಡಿಯಿತು, ಕತ್ತು ನೋಯಿತು. ಆದರೆ ಓದಿದ್ದು ಅವಳೇ. ನಡುವೆ ಯಾರ ದನಿಯೂ ಇರಲಿಲ್ಲ.

ತಕ್ಷಣ ಯಾರಿಗಾದರೂ ಹೇಳಬೇಕು ಅನ್ನಿಸಿತು. ತಂಗಿಗೆ ಹೇಳಿದರೆ, ಅಯ್ಯೋ ಅಕ್ಕ, ನಾಯಿ ಮೂಸಿದ ಹಾಗೆ ಮೂಸಿ ಓದೋ ಗತಿ ಬಂತಲ್ಲ ಅಂತ ಅಳುತ್ತಾಳೆ. ಅಲ್ಪಣ್ಣನಿಗೆ ಹೇಳಿದರೆ ನಾಳೆಯಿಂದ ಮನೆಗೆ ಬಂದು ಓದಿಯೇ ಓದುತ್ತಾರೆ. ಆ ಕೋಣೆಗೆ ವಾಪಸು ಹೋಗಿ ಇನ್ನೊಬ್ಬರೆದುರು ಕರಡಿಗೆ ಬಾಯಿಯಿಟ್ಟು ಕೂರಲು ಅವಳಿಂದ ಆಗುವುದಿಲ್ಲ. ಇದು ಹೇಳುವ ಸಂತೋಷವಲ್ಲ ಅಂತ ಅರ್ಥವಾಗಿ, ದುಃಖ ಉಕ್ಕಿ ಬಂತು. ಒಂದು ಹನಿ ಪುಟದ ಮೇಲೆ ಬಿತ್ತು. ಅವಳು ಗಾಬರಿಯಾಗಿ ಪುಸ್ತಕ ದೂರ ಹಿಡಿದಳು. ಬ್ರೈಲ್ ಕಾಗದಕ್ಕೆ ನೀರು ಬಿದ್ದರೆ ಚುಕ್ಕಿ ಕೂತುಹೋಗುತ್ತೆ. ಕೂತ ಚುಕ್ಕಿ ಮತ್ತೆ ಏಳುವುದಿಲ್ಲ.

ಟವೆಲ್ ತಂದು ಕಣ್ಣೊರೆಸಿಕೊಂಡಳು. ತುಟಿಯನ್ನೂ ಒಣಗುವ ಹಾಗೆ ಒರೆಸಿಕೊಂಡಳು. ಅಳು ಪೂರ್ತಿ ನಿಲ್ಲುವವರೆಗೆ ಸುಮ್ಮನೆ ಕೂತಿದ್ದು, ಆಮೇಲೆ ಎರಡನೇ ಸಾಲಿಗೆ ಬಾಯಿಯಿಟ್ಟಳು.